ಹಲ್ಲು ಕೀಳಿಸಿಕೊಂಡ ಮೇಲಿನ ಊಟ

ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ ಎಂಬ ಹೆಸರುಂಟು. ಹಾಲುಹಲ್ಲಾಗಿ ಒಮ್ಮೆ, ಅದು ಬಿದ್ದ ಬಳಿಕ ಮತ್ತೊಮ್ಮೆ, ಹೀಗೆ ಅದಕ್ಕೆ ಎರಡೇ ಹುಟ್ಟು, ಮೂರನೆಯದಿಲ್ಲ. ಆದುದರಿಂದಲೇ ವೈದ್ಯರು ಉಳಿಸಲು ಯತ್ನಿಸಿ, ಸಾಧ್ಯವಾಗದಾಗ ಕೀಳುತ್ತಾರೆ. ಕೀಳುವುದು ಅವರ ಕೆಲಸ. ಗಾಯವನ್ನು ಕಾಯುವುದು ಬಹುಮಟ್ಟಿಗೆ ನಮ್ಮ ಕೆಲಸ.

ನಮ್ಮ ಕಲಘಟಗಿಯವರು ದೊಡ್ಡ ಚಿಕಿತ್ಸೆಗೆಂದು ಹುಬ್ಬಳ್ಳಿಗೆ, ಇಲ್ಲವೆ ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಆರಂಭವಾದ ಎಸ್.ಡಿ.ಎಂ. ದಂತವೈದ್ಯಕೀಯ ಕಾಲೇಜಿಗೆ ಹೋಗುವುದುಂಟು. ಮರಳುವಾಗ ಬಸ್ ನಿಲ್ದಾಣದಲ್ಲಿ ಮಿರ್ಚಿ ಭಜಿಯ ವಾಸನೆ. ಹೊಟ್ಟೆ ಹಸಿದಿದೆ, ಮದ್ದಿನ ಬಲದಿಂದ ನೋವೂ ಇಲ್ಲ. ಮೋಸವಾಗುವುದು ಇಲ್ಲಿಯೇ. ಜೋಮು ಸಾಮಾನ್ಯವಾಗಿ ಎರಡರಿಂದ ನಾಲ್ಕು ತಾಸು ಇರುತ್ತದೆ. ಅಷ್ಟರೊಳಗೆ ಅಗಿಯಹೋದರೆ ತುಟಿಯನ್ನೋ ನಾಲಗೆಯನ್ನೋ ಕಚ್ಚಿಕೊಳ್ಳುವಿರಿ. ಚಹ ಸುಟ್ಟರೂ ತಿಳಿಯದು.

ಹಲ್ಲಿದ್ದ ಕುಣಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಗಾಯದ ಮುಚ್ಚಳ. ಮೊಸರಿಗೆ ಹೆಪ್ಪು ಹಾಕಿದ ಗಡಿಗೆಯನ್ನು ಅಲುಗಾಡಿಸಿದರೆ ಮನೆಯ ಹೆಣ್ಣುಮಕ್ಕಳು ಗದರಿಸುವುದಿಲ್ಲವೆ? ಇದೂ ಹಾಗೆಯೇ. ವೈದ್ಯರು ಇಟ್ಟ ಅರಳೆಯನ್ನು ಅರ್ಧದಿಂದ ಮುಕ್ಕಾಲು ತಾಸು ಕಚ್ಚಿ ಹಿಡಿಯಿರಿ. ಮೊದಲ 24 ತಾಸು ಮುಕ್ಕಳಿಸಬೇಡಿ, ಪದೇ ಪದೇ ಉಗುಳಬೇಡಿ, ಎಳನೀರನ್ನು ಕೊಳವೆಯಿಂದ ಹೀರಬೇಡಿ. ಬೀಡಿ, ಎಲೆಅಡಿಕೆ, ತಂಬಾಕು ಬೇಡವೇ ಬೇಡ. ಹೆಪ್ಪು ಕಿತ್ತುಹೋದರೆ ಎಲುಬು ಬರಿದಾಗಿ, ಕಡಿಮೆಯಾಗಿದ್ದ ನೋವು ಮೂರನೆಯ ನಾಲ್ಕನೆಯ ದಿನ ಕಿವಿಯವರೆಗೆ ಸಿಡಿಯುತ್ತದೆ. ಆಗ ಲವಂಗದ ಎಣ್ಣೆ, ತಂಬಾಕಿನ ಪುಡಿ ಎಂದು ಮನೆಮದ್ದು ತುಂಬದೆ ವೈದ್ಯರ ಬಳಿಗೇ ಹೋಗಬೇಕು. ಒಂದು ದಿನ ಕಳೆದ ಮೇಲೆ ಮಾತ್ರ, ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮೆಲ್ಲಗೆ ಬಾಯಿ ತೊಳೆಯಿರಿ.

ಇನ್ನು ಊಟ. ಹಿರಿಯರಲ್ಲಿ ಕೆಲವರು ಹಲ್ಲು ಕೀಳಿಸಿದ ನೆಪದಿಂದ ಎರಡು ದಿನ ನೀರು ಕುಡಿದೇ ಕೂಡುವರು. ಇದು ವ್ರತವಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಉಪವಾಸವಿದ್ದರಂತೂ ಅಪಾಯ. ಮೊದಲ ದಿನ ಆರಿದ ಅಂಬಲಿ, ಉಪ್ಪು ಕಡಿಮೆ ಹಾಕಿದ ಮಜ್ಜಿಗೆ, ಕಿವುಚಿದ ಮೊಸರನ್ನ, ಬಾಳೆಹಣ್ಣು ಸಾಕು. ಮರುದಿನದಿಂದ ಹೆಸರುಬೇಳೆಯ ಕಿಚಡಿಗೆ ತುಪ್ಪ, ಚೆನ್ನಾಗಿ ಬೆಂದ ಜೋಳದ ನುಚ್ಚಿಗೆ ಮಜ್ಜಿಗೆ. ಖಾರ ದೂರವಿರಲಿ. ಅಗಿಯುವುದು ಇನ್ನೊಂದು ಕಡೆಯಿಂದ.

ನಮ್ಮದು ಭತ್ತದ ಸೀಮೆ, ಮೆತ್ತನ್ನಕ್ಕೆ ಕೊರತೆಯಿಲ್ಲ. ಆದರೆ ನವಲಗುಂದ, ಅಣ್ಣಿಗೇರಿಯ ಬೀಗರಿಗೆ ರೊಟ್ಟಿಯಿಲ್ಲದ ಊಟ ಊಟವೇ ಅಲ್ಲ. ಅವರಿಗೂ ದಾರಿಯುಂಟು: ಬಿಸಿರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಯಿಟ್ಟು, ಕೈಯಿಂದ ಮಿದ್ದು, ಆರಿದ ಮೇಲೆ ಉಣ್ಣಲಿ. ಕಟಕರೊಟ್ಟಿಯ ಚೂಪು ಅಂಚು ಮಾತ್ರ ಹಸಿ ವಸಡನ್ನು ಕೊಯ್ಯುತ್ತದೆ. ವಸಡು ಕೂಡುವ ತನಕ, ಅಂದರೆ ಹತ್ತು ಹದಿನೈದು ದಿನ, ಅದು ಡಬ್ಬಿಯಲ್ಲೇ ಇರಲಿ. ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಗಿರ್ಮಿಟ್ಟು ಇವುಗಳ ಕಾಳುಗಳೂ ಕುಣಿಯಲ್ಲಿ ಹೊಕ್ಕು ಕಾಡುತ್ತವೆ.

ಉಗುಳಿನಲ್ಲಿ ಒಂದು ದಿನ ಕೆಂಪು ಕಂಡರೆ ಅಂಜಬೇಡಿ. ಬಟ್ಟೆ ಕಚ್ಚಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಮೂರು ದಿನದ ಮೇಲೂ ಬಾವು ಏರುತ್ತಿದ್ದರೆ, ನುಂಗಲು ಕಷ್ಟವಾದರೆ ಅದೇ ದಿನ ವೈದ್ಯರನ್ನು ಕಾಣಿರಿ. ರಕ್ತ ತೆಳುವಾಗಿಸುವ ಗುಳಿಗೆ ಸೇವಿಸುವವರು ಕೀಳಿಸುವ ಮೊದಲೇ ವೈದ್ಯರಿಗೆ ಹೇಳಬೇಕು. ತಾವಾಗಿಯೇ ಗುಳಿಗೆ ಬಿಡಬಾರದು.

ಹಲ್ಲಿನ ಕಟ್ಟು ಹಾಕಿಸಿಕೊಂಡವರಿಗೂ ಒಂದು ಮಾತು. ಮೊದಲು ‘ಸ’ಕಾರ ಸಿಳ್ಳು ಹಾಕುತ್ತದೆ, ವ್ಯಾಕರಣಕಾರರು ಅದನ್ನು ದಂತ್ಯವೆಂದದ್ದು ಸುಮ್ಮನೆ ಅಲ್ಲ. ದಿನವೂ ಪತ್ರಿಕೆಯನ್ನು ಗಟ್ಟಿಯಾಗಿ ಓದಿರಿ, ನಾಲಗೆ ಹೊಂದಿಕೊಳ್ಳುತ್ತದೆ. ತುತ್ತು ಚಿಕ್ಕದಿರಲಿ, ಎರಡೂ ಕಡೆಯಿಂದ ಸಮನಾಗಿ ಅಗಿಯಿರಿ. ರಾತ್ರಿ ಕಟ್ಟನ್ನು ತೆಗೆದು ತೊಳೆದು ತಣ್ಣೀರಿನಲ್ಲಿಡಿ. ಕುದಿನೀರಿಗೆ ಹಾಕಿದರೆ ಸೊಟ್ಟಗಾಗಿ ಬೆಳಿಗ್ಗೆ ಬಾಯಿಗೆ ಕೂಡುವುದಿಲ್ಲ.