ಕನಸಿಗೆ ಯಾವ ಬಣ್ಣ? ‘ಲೂಸಿಯಾ’ ಚಿತ್ರದ ಬಗ್ಗೆ

ಪವನ್ ಕುಮಾರ್ ನಿರ್ದೇಶಿಸಿದ ‘ಲೂಸಿಯಾ’ 2013ರ ಸೆಪ್ಟೆಂಬರ್‌ನಲ್ಲಿ ತೆರೆಕಂಡಿತು. ಕೊನೆಯ ತಿರುವನ್ನು ಮುಚ್ಚಿಟ್ಟುಕೊಂಡು ಅದರ ಬಗ್ಗೆ ಮಾತಾಡಲು ಸಾಧ್ಯವಿಲ್ಲ. ಹಾಗಾಗಿ ಇನ್ನೂ ನೋಡದವರು ಕ್ಷಮಿಸಬೇಕು, ಎಲ್ಲವನ್ನೂ ಹೇಳಿಬಿಡುತ್ತೇನೆ. ತಿರುವು ಗೊತ್ತಿದ್ದು ನೋಡಿದಾಗಲೇ ಈ ಚಿತ್ರ ಹೆಚ್ಚು ಕೊಡುತ್ತದೆ ಎಂಬುದು ನನ್ನ ನಂಬಿಕೆ.

ನಿಕ್ಕಿ ಬೆಂಗಳೂರಿನ ಒಂದು ಹಳೇ ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗ. ಅವನಿಗೆ ನಿದ್ದೆ ಬರುವುದಿಲ್ಲ. ಯಾರೋ ಒಂದು ಮಾತ್ರೆ ಕೊಡುತ್ತಾರೆ. ಅದನ್ನು ನುಂಗಿದರೆ ಬೇಕಾದ ಬದುಕು ಕನಸಿನಲ್ಲಿ ಬರುತ್ತದೆ. ಮರುರಾತ್ರಿ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಮಾತ್ರೆ ನಿಲ್ಲಿಸಿದರೆ ಕೆಟ್ಟ ಕನಸುಗಳು ಕಾಡುತ್ತವೆ. ನಿಕ್ಕಿ ಕನಸಿನಲ್ಲಿ ನಿಖಿಲ್ ಆಗುತ್ತಾನೆ, ದೊಡ್ಡ ಸಿನಿಮಾ ನಟ. ಎರಡೂ ಪಾತ್ರ ಸತೀಶ್ ನೀನಾಸಂ ಅವರದು. ಇಲ್ಲಿ ಟಾಕೀಸಿನ ಮಾಲೀಕ ಶಂಕ್ರಣ್ಣನಾಗಿರುವ ಅಚ್ಯುತ್ ಕುಮಾರ್ ಅಲ್ಲೂ ನಟನ ಪಕ್ಕದಲ್ಲಿರುತ್ತಾರೆ. ಶ್ರುತಿ ಹರಿಹರನ್ ಅವರ ಶ್ವೇತಾ ಎರಡೂ ಕಡೆ ಇದ್ದಾಳೆ. ಬೆದರಿಕೆಯೂ ಎರಡೂ ಕಡೆ ಇದೆ.

ನಟನ ಬದುಕು ಕಪ್ಪುಬಿಳುಪಿನಲ್ಲಿದೆ, ಟಾಕೀಸಿನ ಹುಡುಗನ ಬದುಕು ಬಣ್ಣದಲ್ಲಿ. ನಾವು ಹಿಂದುಮುಂದು ಯೋಚಿಸದೆ ಬಣ್ಣದ್ದೇ ನಿಜ ಎಂದುಕೊಳ್ಳುತ್ತೇವೆ. ಕೊನೆಯಲ್ಲಿ ತಿಳಿಯುತ್ತದೆ: ನಟನೇ ನಿಜ, ಟಾರ್ಚ್ ಹುಡುಗ ಅವನು ಕಂಡ ಕನಸು.

ಕನಸು ಕಪ್ಪುಬಿಳುಪು ಎಂಬ ನಂಬಿಕೆಗೂ ಒಂದು ಚರಿತ್ರೆ ಇದೆ. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಅಮೆರಿಕದಲ್ಲಿ ಕೇಳಿದಾಗ ಬಹಳ ಜನ ತಮ್ಮ ಕನಸುಗಳಲ್ಲಿ ಬಣ್ಣವಿಲ್ಲ ಎನ್ನುತ್ತಿದ್ದರು. ಬಣ್ಣದ ಸಿನಿಮಾ, ಬಣ್ಣದ ಟಿವಿ ಮನೆಮಾತಾದ ಮೇಲೆ ಹಾಗೆ ಹೇಳುವವರು ಕಡಿಮೆಯಾದರು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇವಾ ಮರ್ಜಿನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕ್ಕಂದಿನಲ್ಲಿ ಕಪ್ಪುಬಿಳುಪು ಪರದೆಯನ್ನಷ್ಟೇ ನೋಡಿ ಬೆಳೆದವರಿಗೆ ಈಗಲೂ ಅಂಥ ಕನಸು ಹೆಚ್ಚು ಬೀಳುವುದು ಕಂಡುಬಂತು. ಸಿನಿಮಾ ನಮ್ಮ ನಿದ್ದೆಯೊಳಗೂ ಕೈಹಾಕಿದೆ ಎಂದಾಯಿತು. ಇಲ್ಲವೇ ಕನಸನ್ನು ನೆನೆಯುವಾಗ ನಾವು ಅದನ್ನು ನೋಡಿದ ಸಿನಿಮಾದ ಹಾಗೆ ನೆನೆಯುತ್ತೇವೆ. ಯಾವುದಾದರೂ ಸರಿ, ಟಾಕೀಸಿನಲ್ಲಿ ಕೆಲಸ ಮಾಡುವ ಹುಡುಗನಿಗೆ ಕಪ್ಪುಬಿಳುಪಿನ ಕನಸು ಬೀಳುವುದು ನಮಗೆ ಸಹಜವಾಗಿ ಕಂಡುಬಿಡುತ್ತದೆ. ನಿರ್ದೇಶಕರು ಬಳಸಿಕೊಂಡದ್ದು ನಮ್ಮ ಆ ಅಭ್ಯಾಸವನ್ನೇ.

ಮಾತ್ರೆಯ ಬಗ್ಗೆ ಒಂದು ಮಾತು. ಚಿತ್ರದ ಹೆಸರು ‘ಲೂಸಿಡ್ ಡ್ರೀಮ್’ ಎಂಬ ಮಾತನ್ನು ನೆನಪಿಸುತ್ತದೆ. ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂದು ಗೊತ್ತಿರುವ ಸ್ಥಿತಿಯನ್ನು ಲೂಸಿಡ್ ಡ್ರೀಮ್ ಎನ್ನುತ್ತಾರೆ. ಡಚ್ ಲೇಖಕ ಫ್ರೆಡೆರಿಕ್ ವಾನ್ ಈಡೆನ್ 1913ರಲ್ಲಿ ಇದರ ಬಗ್ಗೆ ಬರೆದರು. ಅಂದರೆ ನಮ್ಮ ಚಿತ್ರಕ್ಕೆ ಸರಿಯಾಗಿ ನೂರು ವರ್ಷ ಮೊದಲು. ನಿದ್ದೆಯಲ್ಲಿ ಕೈಕಾಲು ಸಡಿಲವಾಗಿದ್ದರೂ ಕಣ್ಣು ಅಲುಗಾಡುತ್ತದಲ್ಲ, ಅದನ್ನೇ ಉಪಯೋಗಿಸಿ ಇಂಗ್ಲೆಂಡಿನ ಕೀತ್ ಹರ್ನ್ 1975ರಲ್ಲಿ ಕನಸಿನೊಳಗಿನಿಂದ ಸಂಕೇತ ದಾಖಲಿಸಿದರು. ಅಮೆರಿಕದ ಸ್ಟೀಫನ್ ಲಬರ್ಜ್ ಆಮೇಲೆ ಅದನ್ನು ಸ್ವತಂತ್ರವಾಗಿ ಸಾಧಿಸಿ ತೋರಿಸಿದರು. ಆದರೆ ‘ಲೂಸಿಯಾ’ದ ಮಾತ್ರೆ ಕೊಡುವುದು ಅದಕ್ಕೆ ತದ್ವಿರುದ್ಧವಾದದ್ದು. ಕನಸೊಳಗಿನ ನಿಕ್ಕಿಗೆ ತಾನು ಕನಸು ಎಂಬ ಅರಿವು ಇಲ್ಲವೇ ಇಲ್ಲ. ಭಯ ಹುಟ್ಟುವುದು ಅಲ್ಲೇ.

ಈ ಭಯ ನಮ್ಮ ಕಡೆ ಹಳೆಯದು. ಮಾಂಡೂಕ್ಯ ಉಪನಿಷತ್ತಿಗೆ ಕಾರಿಕೆ ಬರೆದ ಗೌಡಪಾದರು ಎಚ್ಚರದ ಜಗತ್ತನ್ನೂ ಕನಸಿನ ಜಗತ್ತನ್ನೂ ಒಂದೇ ತಕ್ಕಡಿಯಲ್ಲಿಟ್ಟರು. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಎರಡನ್ನೂ ಬೇರೆ ಮಾಡಿದರು: ಎದ್ದ ಮೇಲೆ ಕನಸು ಸುಳ್ಳೆಂದು ಬಿದ್ದುಹೋಗುತ್ತದೆ, ಎಚ್ಚರದಲ್ಲಿ ಕಂಡದ್ದು ಹಾಗೆ ಬೀಳುವುದಿಲ್ಲ. ಸಿನಿಮಾ ಕಥೆಯ ಮಟ್ಟಿಗೆ ಶಂಕರರ ಪಕ್ಷ. ನಟ ಕಣ್ಣು ತೆರೆದ ಕೂಡಲೇ ಟಾಕೀಸು ಸುಳ್ಳಾಗುತ್ತದೆ. ಆದರೆ ಪ್ರೇಕ್ಷಕರಾದ ನಮಗೆ? ಎರಡು ಗಂಟೆ ನಾವು ಆ ಹುಡುಗನ ಜೊತೆ ಇದ್ದೆವು. ಶ್ವೇತಾಳ ಎದುರು ಅವನು ಪಟ್ಟ ಸಂಕೋಚ, ಇಂಗ್ಲಿಷ್ ಬಾರದ ನಾಚಿಕೆ, ಶಂಕ್ರಣ್ಣನ ಸಾಲ, ಇವೆಲ್ಲ ನಮಗೆ ಬಿದ್ದುಹೋಗುವುದಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದು. ಇಲ್ಲದವನು ಇರುವವನಾಗುವ ಕನಸು ಕಾಣುವುದು ನಮ್ಮ ಸಿನಿಮಾಗಳಲ್ಲಿ ಮಾಮೂಲು. ಇಲ್ಲಿ ಎಲ್ಲ ಇರುವವನು ಏನೂ ಇಲ್ಲದವನಾಗುವ ಕನಸು ಕಂಡ. ದಿನಾ ಜನ ಮುತ್ತಿಕೊಳ್ಳುವ ಮನುಷ್ಯ ತನಗಾಗಿ ಕಟ್ಟಿಕೊಂಡದ್ದು ಎಂಥ ಕೆಲಸ ನೋಡಿ: ಬೇರೆಯವರು ಪರದೆ ನೋಡುತ್ತಿರುವಾಗ ಕತ್ತಲಲ್ಲಿ ನಿಲ್ಲುವುದು. ತನ್ನ ಮುಖ ಯಾರಿಗೂ ಕಾಣದ ಕೆಲಸ. ತಾನು ನಟ ಎಂದು ಗೊತ್ತಿಲ್ಲದೆಯೇ ತನ್ನನ್ನು ಒಪ್ಪುವ ಹುಡುಗಿ. ಬಣ್ಣವನ್ನೆಲ್ಲ ಅವನು ಅಲ್ಲಿಗೆ ಸುರಿದ. ಎರಡನೇ ಸಲ ನೋಡುವಾಗ ಟಾಕೀಸಿನ ಒಂದೊಂದು ದೃಶ್ಯವೂ ಆ ನಟನ ಬಯಕೆಯ ಪಟ್ಟಿಯಂತೆ ಕಾಣುತ್ತದೆ, ನೋವಾಗುತ್ತದೆ. ಸತೀಶ್ ಅವರ ಅಭಿನಯ ಇದನ್ನು ಹೊತ್ತು ನಿಂತಿದೆ. ನಿಖಿಲ್ ಆಗಿದ್ದಾಗ ಅವರ ಮೈ ಬಿಗಿ, ನಿಕ್ಕಿ ಆಗಿದ್ದಾಗ ಸಡಿಲ.

ಚಿತ್ರದಲ್ಲಿ ಪತ್ತೇದಾರರ ಇನ್ನೊಂದು ಎಳೆಯೂ ಇದೆ. ಅದು ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ. ಆಸ್ಪತ್ರೆಯ ಹಾಸಿಗೆ, ವಿಚಾರಣೆ, ಸುಳಿವು, ಇವು ಕಥೆಯನ್ನು ಒಗಟಾಗಿಸುತ್ತವೆ. ಮನುಷ್ಯ ಸ್ವಲ್ಪ ಹಿಂದೆ ಸರಿಯುತ್ತಾನೆ.

ಈ ಚಿತ್ರಕ್ಕೆ ಹಣ ಬಂದ ರೀತಿಯನ್ನೂ ಹೇಳಬೇಕು. ‘ಮನಸಾರೆ’, ‘ಪಂಚರಂಗಿ’ ಚಿತ್ರಗಳಿಗೆ ಬರವಣಿಗೆಯಲ್ಲಿ ದುಡಿದು ‘ಲೈಫು ಇಷ್ಟೇನೆ’ ನಿರ್ದೇಶಿಸಿದ್ದ ಪವನ್, ನಿರ್ಮಾಪಕರು ಸಿಗದಾಗ ಪ್ರೇಕ್ಷಕರನ್ನೇ ಕೇಳಿದರು. 27 ದಿನಗಳಲ್ಲಿ 110 ಜನ ಸುಮಾರು 51 ಲಕ್ಷ ರೂಪಾಯಿ ಹಾಕಿದರು. ಬಿಡುಗಡೆಗೆ ಮೊದಲೇ ಲಂಡನ್ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಬಂತು. 2015ರಲ್ಲಿ ತಮಿಳಿನಲ್ಲಿ ‘ಎನಕ್ಕುಳ್ ಒರುವನ್’ ಆಯಿತು. ಗಾಂಧಿನಗರದ ಚಿತ್ರೋದ್ಯಮದ ಲೆಕ್ಕಾಚಾರ ಬೇಡವೆಂದ ಕಥೆಗೆ, ಪರದೆಯ ಈಚೆ ಕೂರುವವರೇ ದುಡ್ಡು ಕೊಟ್ಟರು. ಆ ಕಥೆಯ ನಾಯಕ ಬಯಸಿದ್ದೂ ಪರದೆಯ ಈಚೆ ಬರುವುದನ್ನೇ.