ಕಿರಣವನ್ನು ಗುರಿಗೆ ಕೂರಿಸುವವರು ಬೇಕಾಗಿದ್ದಾರೆ

2023ರ ಡಿಸೆಂಬರ್ 11ರಂದು ನಾಸಾದ ಸೈಕಿ ನೌಕೆ ಬೆಕ್ಕೊಂದರ ವಿಡಿಯೋವನ್ನು ಭೂಮಿಗೆ ಕಳಿಸಿತು. ನೌಕೆ ಆಗ ಇದ್ದದ್ದು ಸುಮಾರು 3.1 ಕೋಟಿ ಕಿಲೋಮೀಟರ್ ಆಚೆ. ಲೇಸರ್ ಹೊತ್ತು ತಂದ ಆ ದೃಶ್ಯ 101 ಸೆಕೆಂಡಿನಲ್ಲಿ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ಹೇಲ್ ದೂರದರ್ಶಕಕ್ಕೆ ಬಂದು ಬಿತ್ತು. ವೇಗ, ಸೆಕೆಂಡಿಗೆ 267 ಮೆಗಾಬಿಟ್. ಇಷ್ಟಕ್ಕೂ ಆ ಲೇಸರಿನ ಶಕ್ತಿ ಬರೀ 4 ವ್ಯಾಟ್. ನಿಮ್ಮ ಕೋಣೆಯ ಎಲ್‌ಇಡಿ ಬಲ್ಬು ಅದಕ್ಕಿಂತ ಹೆಚ್ಚು ಎಳೆಯುತ್ತದೆ!

ಲೇಸರ್ ದುಡ್ಡಿಗೆ ಸಿಗುತ್ತದೆ, ಗುರಿಯನ್ನು ದುಡಿದೇ ಗಳಿಸಬೇಕು. ಒಂದು ಮೈಕ್ರೋರೇಡಿಯನ್ ಕೋನ ತಪ್ಪಿದರೆ ಸಾವಿರ ಕಿಲೋಮೀಟರ್ ಆಚೆ ಕಿರಣ ಒಂದು ಮೀಟರ್ ಸರಿದಿರುತ್ತದೆ. ಕಿರಣವನ್ನು ಗುರಿಗೆ ಒಯ್ಯುವ ಕನ್ನಡಿ ಎಷ್ಟು ತಿರುಗಿತೋ ಅದರ ಎರಡರಷ್ಟು ಕಿರಣ ತಿರುಗುತ್ತದೆ. ಉಪಗ್ರಹವೋ ಸದಾ ನಡುಗುತ್ತಿರುತ್ತದೆ. ನೆಲದ ಮೇಲಿನ ಗೋಪುರ ಗಾಳಿಗೆ ಓಲಾಡುತ್ತದೆ. ಹಾಗಾಗಿ ಬಂದ ಬೆಳಕಿನ ಒಂದು ಪಾಲನ್ನು ನಾಲ್ಕು ಭಾಗಗಳ ಸಂವೇದಕದ ಮೇಲೆ ಬೀಳಿಸುತ್ತಾರೆ. ಯಾವ ಭಾಗದಲ್ಲಿ ಬೆಳಕು ಹೆಚ್ಚಾಯಿತೋ ಅತ್ತ ಕಿರಣ ಜಾರಿದೆ ಎಂದರ್ಥ. ಕೂಡಲೇ ಪುಟ್ಟ ಕನ್ನಡಿಯೊಂದು ವಾಲಿ ಅದನ್ನು ನಡುವಿಗೆ ಎಳೆದು ತರುತ್ತದೆ. ಈ ತಿದ್ದುಪಡಿ ಸೆಕೆಂಡಿಗೆ ನೂರಾರು ಬಾರಿ ನಡೆಯುತ್ತಲೇ ಇರಬೇಕು.

ಇದು ಆಕಾಶದ ಮಾತಷ್ಟೇ ಅಲ್ಲ. ಕಾಂಗೋ ನದಿಯ ಎರಡು ದಡಗಳಲ್ಲಿರುವ ಬ್ರಾಜಾವಿಲ್, ಕಿನ್ಶಾಸಾ ನಗರಗಳ ನಡುವೆ ಫೈಬರ್ ಎಳೆಯಲು 400 ಕಿಲೋಮೀಟರಿಗೂ ಹೆಚ್ಚು ಸುತ್ತಿ ಬಳಸಬೇಕಿತ್ತು. 2021ರಲ್ಲಿ ಆಲ್ಫಾಬೆಟ್‌ನ ತಾರಾ ಯೋಜನೆ ಕನ್ನಡಿಗಳಿಂದ ಲೇಸರ್ ತಿರುಗಿಸಿ, 4.8 ಕಿಲೋಮೀಟರ್ ಅಗಲದ ನೀರಿನ ಮೇಲೆ ದತ್ತಾಂಶವನ್ನು ನೇರವಾಗಿ ದಾಟಿಸಿತು.

ಬೆಂಗಳೂರೂ ಸುಮ್ಮನೆ ಕೂತಿಲ್ಲ. ರಾಮನ್ ಸಂಶೋಧನಾ ಸಂಸ್ಥೆ 2023ರಲ್ಲಿ ಒಂದೆಡೆ ನಿಂತ ಮೂಲದಿಂದ ಚಲಿಸುವ ಗ್ರಾಹಕಕ್ಕೆ ಕ್ವಾಂಟಂ ಸುರಕ್ಷಿತ ಸಂವಹನ ಸಾಧಿಸಿ ತೋರಿಸಿತು. ಗುರಿಯನ್ನು ಹುಡುಕಿ, ಹಿಡಿದು, ಹಿಂಬಾಲಿಸುವ ವ್ಯವಸ್ಥೆ ಅದಕ್ಕೆ ನೆರವಾಯಿತು. 1975ರಲ್ಲಿ ಹಾರಿದ ಆರ್ಯಭಟ ರೂಪುಗೊಂಡದ್ದು ಇದೇ ಊರಿನ ಪೀಣ್ಯದ ಶೆಡ್ಡುಗಳಲ್ಲಿ. ಸೌಲಭ್ಯ ಪೂರ್ತಿ ಬರಲಿ ಎಂದು ಆ ತಲೆಮಾರು ಕಾಯಲಿಲ್ಲ. ನೀವೂ ಕಾಯಬೇಡಿ.

ಶುರು ಮಾಡಲು ಒಂದು ಮಿಲಿವ್ಯಾಟ್ ಮೀರದ ಲೇಸರ್ ಪಾಯಿಂಟರ್, ಎರಡು ಪುಟ್ಟ ಕನ್ನಡಿ, ಸಣ್ಣ ತೂತು ಕೊರೆದ ಎರಡು ರಟ್ಟು ಸಾಕು. ಮೊದಲ ಕನ್ನಡಿಯಿಂದ ಹತ್ತಿರದ ತೂತಿಗೆ, ಎರಡನೆಯದರಿಂದ ದೂರದ ತೂತಿಗೆ ಕಿರಣ ಕೂರಿಸಿ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಎರಡೂ ಒಲಿಯುವವರೆಗೆ ಬಿಡಬೇಡಿ. ಕಿರಣ ಕಣ್ಣಿನ ಮಟ್ಟದಲ್ಲಿ ಹಾಯದಿರಲಿ. ಉಂಗುರ, ವಾಚು ತೆಗೆದಿಡಿ. ಮುಂದೆ ಮೋಟಾರು, ಫೋಟೋಡಯೋಡ್ ಜೋಡಿಸಿ, ಕನ್ನಡಿ ತಾನೇ ತಿರುಗುವಂತೆ ಪ್ರೋಗ್ರಾಂ ಬರೆಯಿರಿ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್, ಭೌತಶಾಸ್ತ್ರ, ಯಾವ ವಿಭಾಗದವರಿಗೂ ಇಲ್ಲಿ ಕೆಲಸವುಂಟು. ಗೆಳೆಯರನ್ನು ಕೂಡಿಸಿಕೊಳ್ಳಿ, ಕಾಲೇಜಿನ ಲ್ಯಾಬಿನ ಬಾಗಿಲು ತಟ್ಟಿ, ಈ ವಾರವೇ ಶುರು ಮಾಡಿ!