ಪಟ್ಟಿ ಬರುವ ತನಕ

(ನೀಲಗಿರಿಯ ಒಂದು ತೋಟದಲ್ಲಿ ಸೇರಿದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮಾಡಿದ ಭಾಷಣ)



ಇದು ಎಲೆ ತುಂಬಿ ಬರುವ ಕಾಲ. ಬೆಳಿಗ್ಗೆ ಹಾಜರಿ ಕೊಟ್ಟು, ಸಾಯಂಕಾಲದ ತೂಕ ಮುಗಿಸಿ, ಅಡಿಗೆಯನ್ನು ಅರ್ಧಕ್ಕೆ ಬಿಟ್ಟು ಇಲ್ಲಿಗೆ ಬಂದು ಕೂತಿದ್ದೀರಿ. ನಿಮ್ಮ ಆಯಾಸ ನನಗೆ ಗೊತ್ತು. ನಾನೂ ಲೈನು ಮನೆಯಲ್ಲೇ ಹುಟ್ಟಿ ಬೆಳೆದವನು. ಆದ್ದರಿಂದ ಹೇಳಬೇಕಾದ್ದನ್ನು ಮಾತ್ರ ಹೇಳುತ್ತೇನೆ.

ಈ ತಿಂಗಳು ನಮ್ಮ ಲೈನುಗಳಲ್ಲಿ ಎಲೆಯ ಭಾರವಲ್ಲದೆ ಇನ್ನೊಂದು ಭಾರವೂ ಇದೆ. ಐದನೇ ತರಗತಿ ಮುಗಿಸಿದ ಕೆಲವು ಮಕ್ಕಳು, ಎಂಟು ಮುಗಿಸಿದ ಕೆಲವರು, ಪೇಟೆಯ ಖಾಸಗಿ ಶಾಲೆಗಳಿಗೆ ಪ್ರವೇಶ ಪರೀಕ್ಷೆ ಬರೆದು ಬಂದಿದ್ದಾರೆ. ಪಟ್ಟಿ ಇನ್ನೂ ಬಂದಿಲ್ಲ. ಹಿಂದೆ ಅದನ್ನು ಶಾಲೆಯ ಗೇಟಿನ ಹತ್ತಿರ ಹಲಗೆಗೆ ಅಂಟಿಸುತ್ತಿದ್ದರು. ಈಗ ಫೋನಿಗೇ ಬರುತ್ತದೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಫ್ಯಾಕ್ಟರಿ ತಿರುವಿನಲ್ಲಿ ಮಾತ್ರ. ಸಾಯಂಕಾಲ ಅಲ್ಲಿ ನಾಲ್ಕೈದು ಮಂದಿ ತಂದೆಯರು ಫೋನು ಹಿಡಿದು ನಿಂತಿರುವುದನ್ನು ನೋಡಿದೆ. ಒಬ್ಬರ ಮುಖವನ್ನು ಇನ್ನೊಬ್ಬರು ನೋಡುವುದಿಲ್ಲ. ನಿನಗೆ ಸಿಕ್ಕಿ ನನಗೆ ಸಿಗದೆ ಹೋದರೆ ಎಂಬ ಅಳುಕು ಎಲ್ಲರಿಗೂ ಇದೆ. ಆ ತಿರುವಿನಲ್ಲಿ ನಿಂತವರಿಗಾಗಿಯೇ ಈ ಮಾತು.

ಈ ಕಾಯುವ ಕಷ್ಟ ನಮ್ಮ ಪಾಲಿಗೆ ಹೇಗೆ ಬಂತೆಂದು ಮೊದಲು ನೋಡೋಣ. 1951ರ ತೋಟ ಕಾರ್ಮಿಕರ ಕಾನೂನಿನಲ್ಲಿ ಒಂದು ಮಾತಿತ್ತು. ತೋಟದಲ್ಲಿ ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಅವರ ವಿದ್ಯಾಭ್ಯಾಸಕ್ಕೆ ಮಾಲೀಕರು ಏರ್ಪಾಡು ಮಾಡಬೇಕೆಂದು ಸರಕಾರ ನಿಯಮ ಮಾಡಬಹುದು ಎಂದು. ಹನ್ನೆರಡು ವಯಸ್ಸು ದಾಟಿದ ಮಗುವಿನ ವಿಷಯ ಆ ಮಾತಿನಲ್ಲಿ ಬರಲಿಲ್ಲ. ನಾನು ಪಾಠ ಹೇಳಿದ ತೋಟದ ಶಾಲೆಯೂ ಐದನೇ ತರಗತಿಗೇ ನಿಂತಿತ್ತು. ಐದು ಮುಗಿದ ಕೂಡಲೇ ತಾಯಿತಂದೆಗಳ ಎದುರಿಗೆ ಎರಡು ದಾರಿ: ಕಾಡಿನ ರಸ್ತೆಯಲ್ಲಿ ನಡೆದು ಸರಕಾರಿ ಶಾಲೆ, ಇಲ್ಲವೆ ಸಾಲ ಮಾಡಿ ಪೇಟೆಯ ಖಾಸಗಿ ಶಾಲೆ. ಆನೆ, ಕಾಟಿ ಓಡಾಡುವ ದಾರಿಯಲ್ಲಿ ಹತ್ತು ವರ್ಷದ ಹೆಣ್ಣುಮಗುವನ್ನು ಕಳುಹಿಸಲು ಯಾವ ತಾಯಿಗೆ ಧೈರ್ಯ ಬಂದೀತು? ಹಾಸ್ಟೆಲ್ ಇರುವ ಶಾಲೆಯ ಆಸೆ ಹುಟ್ಟುವುದು ಹೀಗೆ. ಇದನ್ನು ದುರಾಸೆ ಎನ್ನುವವರು ನಮ್ಮ ದಾರಿಯಲ್ಲಿ ಒಂದು ದಿನ ನಡೆದು ನೋಡಲಿ.

ಈಗ ನನ್ನ ಮನೆಯ ಕಥೆ ಹೇಳುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ಮಗಳೂ ಇಂಥ ಪರೀಕ್ಷೆ ಬರೆದಳು. ಐದನೇ ತರಗತಿಯಲ್ಲಿ ಅವಳೇ ಮೊದಲನೆಯವಳು. ಮೇಷ್ಟರ ಮಗಳು, ಸೀಟು ಖಂಡಿತ ಎಂದು ಲೈನಿನವರೆಲ್ಲ ಹೇಳಿದರು. ನಾನೂ ನಂಬಿದೆ. ಪಟ್ಟಿ ಬರುವುದಕ್ಕೆ ಮೊದಲೇ ಹೆಂಡತಿಯ ಓಲೆಯನ್ನು ಅಡವಿಟ್ಟೆ. ಹಾಸ್ಟೆಲಿಗೆ ಬೇಕಲ್ಲವೆ ಎಂದು ಒಂದು ತಗಡಿನ ಟ್ರಂಕು ಕೊಂಡು, ಅದರ ಮೇಲೆ ಬಿಳಿ ಬಣ್ಣದಲ್ಲಿ ಅವಳ ಹೆಸರನ್ನೂ ಬರೆಸಿದೆ. ಪಟ್ಟಿ ಹಾಕುವ ದಿನ ಮಗಳನ್ನು ಕರೆದುಕೊಂಡೇ ಹೋದೆ. ಹಲಗೆಯ ಮುಂದೆ ಜನ. ನುಗ್ಗಿ ನೋಡಿದೆ, ಹೆಸರಿಲ್ಲ. ಮೇಲಿಂದ ಕೆಳಗೆ ಮೂರು ಸಲ ಓದಿದೆ. ಇಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ನಾನು ಅವಳ ಕಡೆಗೆ ತಿರುಗಿ ನೋಡಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ, ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಮನೆ ಸೇರಿದ ಮೇಲೆ ಒಂದೇ ಮಾತು ಆಡಿದೆ: "ನಿನ್ನಮ್ಮನ ಓಲೆ ಹೋಯಿತಲ್ಲ" ಎಂದೆ. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಮರುದಿನ ನೋಡಿದರೆ ಟ್ರಂಕಿನ ಮೇಲಿನ ಹೆಸರನ್ನು ತೆಂಗಿನ ನಾರು ಹಾಕಿ ಉಜ್ಜಿ ಉಜ್ಜಿ ಅರ್ಧ ಅಳಿಸಿದ್ದಳು.

ಅವಳು ಸರಕಾರಿ ಶಾಲೆಯಲ್ಲಿ ಓದಿ, ಮುಂದೆ ನರ್ಸ್ ಆದಳು. ಈಗ ಅವಳಿಗೇ ಮಕ್ಕಳಿದ್ದಾರೆ. ಹೋದ ವರ್ಷ ಆ ಮಾತು ಬಂದಾಗ ಅವಳು ಹೀಗೆ ಹೇಳಿದಳು: "ಅಪ್ಪಾ, ಪರೀಕ್ಷೆಯಲ್ಲಿ ಏನು ಕೇಳಿದ್ದರೋ ಒಂದೂ ನೆನಪಿಲ್ಲ. ಬಸ್ಸಿನಲ್ಲಿ ನೀನು ನನ್ನ ಮುಖ ನೋಡದೇ ಇದ್ದದ್ದು ಮಾತ್ರ ನೆನಪಿದೆ." ಓಲೆಯನ್ನು ಎರಡು ವರ್ಷದಲ್ಲಿ ಬಿಡಿಸಿಕೊಂಡೆವು. ಇದನ್ನು ಬಿಡಿಸಿಕೊಳ್ಳುವುದು ಹೇಗೆ, ಹೇಳಿರಿ.

ಆದ್ದರಿಂದ ಕಾಯುವ ದಿನಗಳಲ್ಲಿ ನಾವು ಮಾಡಬೇಕಾದ ಕೆಲಸವಿದೆ. ಕೈಕಟ್ಟಿ ಕೂರುವ ಕಾಲ ಇದಲ್ಲ.

ಮೊದಲನೆಯದಾಗಿ, ಆ ಪಟ್ಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಮಗುವಿಗೆ ಈಗಲೇ ತಿಳಿಸಿರಿ. ನಲವತ್ತು ಸೀಟಿಗೆ ನಾನೂರು ಮಕ್ಕಳು ಬರೆದರೆ ಮುನ್ನೂರ ಅರವತ್ತು ಮಕ್ಕಳ ಹೆಸರು ಬರಲು ಸಾಧ್ಯವೇ ಇಲ್ಲ. ಅವರೆಲ್ಲ ದಡ್ಡರೆ? ಕೊನೆಯ ಸೀಟು ಸಿಕ್ಕಿದವನಿಗೂ ಅವನ ಹಿಂದೆಯೇ ಉಳಿದವನಿಗೂ ಅರ್ಧ ಅಂಕದ ಅಂತರ ಇರಬಹುದು. ಇನ್ನೂ ಒಂದು ಮಾತು. ನನ್ನ ಮಗಳಿಗೆ ಬಂದಿದ್ದ ಇಂಗ್ಲಿಷ್ ಪಾಠ ವಿಮಾನ ನಿಲ್ದಾಣದ ಬಗ್ಗೆ ಇತ್ತಂತೆ. ನಮ್ಮ ಮಗು ವಿಮಾನ ನಿಲ್ದಾಣ ಎಲ್ಲಿ ಕಂಡಿತು? ಎಲೆಯ ತೂಕ, ಕಳೆಯುವ ಚೀಲದ ತೂಕ, ಕಿಲೋಗೆ ಇಷ್ಟೆಂದು ಬರಬೇಕಾದ ದುಡ್ಡು, ಇವನ್ನೆಲ್ಲ ಬಾಯಲ್ಲೇ ಲೆಕ್ಕ ಹಾಕಿ ಅಮ್ಮನಿಗೆ ಹೇಳುವ ಮಗು ಅದು. ಆ ಲೆಕ್ಕವನ್ನು ಯಾರೂ ಕೇಳಲಿಲ್ಲ. ಪಟ್ಟಿ ಅಳೆಯುವುದು ಒಂದು ಬೆಳಗಿನ ಎರಡು ಗಂಟೆಯನ್ನು, ಮಗುವನ್ನಲ್ಲ.

ಎರಡನೆಯದಾಗಿ, ಕಾನೂನನ್ನು ತಿಳಿದುಕೊಳ್ಳಿರಿ. 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಎಂಟನೇ ತರಗತಿಯವರೆಗೆ ಅನ್ವಯಿಸುತ್ತದೆ. ಅದರ 13ನೇ ಕಲಮು, ಮಗುವನ್ನು ಸೇರಿಸುವಾಗ ಶಾಲೆ ಕ್ಯಾಪಿಟೇಶನ್ ಫೀ ಪಡೆಯಬಾರದು, ಮಗುವಿಗಾಗಲಿ ತಾಯಿತಂದೆಗಳಿಗಾಗಲಿ ಆಯ್ಕೆಯ ಪರೀಕ್ಷೆ ನಡೆಸಬಾರದು ಎನ್ನುತ್ತದೆ. ಪರೀಕ್ಷೆ ನಡೆಸಿದರೆ ಮೊದಲನೆಯ ಸಲಕ್ಕೆ 25,000 ರೂಪಾಯಿ ತನಕ, ಮತ್ತೆ ಮಾಡಿದರೆ ಪ್ರತಿಸಲಕ್ಕೂ 50,000 ರೂಪಾಯಿ ತನಕ ದಂಡವಿದೆ. ಕ್ಯಾಪಿಟೇಶನ್ ಫೀ ಪಡೆದರೆ ಅದರ ಹತ್ತರಷ್ಟು ತನಕ ದಂಡ. ಒಂಬತ್ತನೇ ತರಗತಿಯಿಂದ ಮೇಲಕ್ಕೆ ಈ ಕಾನೂನು ಬರುವುದಿಲ್ಲ. 2014ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಅಲ್ಪಸಂಖ್ಯಾತರು ನಡೆಸುವ ಶಾಲೆಗಳಿಗೂ ಬರುವುದಿಲ್ಲ.

ಇಲ್ಲಿ ನಮ್ಮವರಿಗೇ ಒಂದು ಮಾತು ಹೇಳಬೇಕು. ಬೆಟ್ಟದ ಮೇಲೆ ಕ್ರೈಸ್ತ ಸಂಸ್ಥೆಗಳು ನಡೆಸುವ ಶಾಲೆಗಳು ಅನೇಕವಿವೆ. ಕಾನೂನು ಅವರನ್ನು ಕೇಳುವುದಿಲ್ಲ, ನಿಜ. ಆದರೆ ತೋಟದ ಮಕ್ಕಳಿಗೆ ಎಷ್ಟು ಸೀಟು ಕೊಡುತ್ತೀರಿ ಎಂದು ನಾವು ಕೇಳಬಾರದೆಂದು ಯಾವ ತೀರ್ಪೂ ಹೇಳಿಲ್ಲ. ಒಬ್ಬೊಬ್ಬರೇ ಹೋಗಿ ಕೈಮುಗಿದು ನಿಲ್ಲುವ ಬದಲು ಎಲ್ಲರೂ ಸೇರಿ ಕಾಗದ ಬರೆದು ಕೇಳೋಣ.

ಪಟ್ಟಿ ತಡವಾದರೆ ಎರಡೂ ಕಡೆ ತಪ್ಪಿಹೋಗುತ್ತದೆಂದು ಕೆಲವರು ಹೆದರಿದ್ದೀರಿ. ಹೆದರಬೇಡಿರಿ. ಇದೇ ಕಾನೂನಿನಂತೆ ಎಂಟನೇ ತರಗತಿಯ ತನಕ, ಶಾಲೆ ಶುರುವಾಗಿಬಿಟ್ಟಿದೆ ಎಂದು ಹೇಳಿ ಸರಕಾರಿ ಶಾಲೆಯವರು ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಟಿ.ಸಿ. ತಡವಾಯಿತೆಂದು ಸೇರಿಸದೆ ಇರುವಂತೆಯೂ ಇಲ್ಲ. ಹಾಗೆಯೇ, ಕೈಗೆ ಪ್ರವೇಶದ ಕಾಗದ ಬರುವ ಮೊದಲು ಈಗಿನ ಶಾಲೆಯಿಂದ ಟಿ.ಸಿ. ತೆಗೆಯಬೇಡಿರಿ.

ಮೂರನೆಯದಾಗಿ, ಪಡೆಯುವುದನ್ನು ಮಾತ್ರವಲ್ಲ, ಬಿಟ್ಟುಕೊಡುವುದನ್ನೂ ಲೆಕ್ಕ ಹಾಕಿರಿ. ಇದನ್ನು ನಮಗೆ ಯಾರೂ ಹೇಳುವುದಿಲ್ಲ. ತಮಿಳುನಾಡು ಸರಕಾರ 2020ರಲ್ಲಿ ಒಂದು ಕಾನೂನು ಮಾಡಿತು. ಆರರಿಂದ ಹನ್ನೆರಡನೇ ತರಗತಿ ತನಕ ಸರಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ವೈದ್ಯಕೀಯ ಸೀಟುಗಳಲ್ಲಿ ನೂರಕ್ಕೆ 7.5 ಪಾಲನ್ನು ಮೀಸಲಿಟ್ಟಿತು. 2021ರಲ್ಲಿ ಇಂಜಿನಿಯರಿಂಗ್, ಕೃಷಿ, ಪಶುವೈದ್ಯ, ಕಾನೂನು ಓದುವವರಿಗೂ ಇದೇ ಪಾಲನ್ನು ಕೊಟ್ಟಿತು. ಸರಕಾರಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು ಕಾಲೇಜು ಸೇರಿದರೆ ತಿಂಗಳಿಗೆ 1,000 ರೂಪಾಯಿ ಕೊಡುವ ಪುದುಮೈ ಪೆಣ್ ಯೋಜನೆ 2022ರಲ್ಲಿ ಆರಂಭವಾಯಿತು. ಇನ್ನು ಕೇಂದ್ರ ಸರಕಾರದ್ದು: ಎಂಟನೇ ತರಗತಿಯಲ್ಲಿ ಬರೆಯುವ ಎನ್.ಎಂ.ಎಂ.ಎಸ್. ಪರೀಕ್ಷೆ ಪಾಸಾದರೆ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಅದು ಸರಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಆರನೇ ತರಗತಿಗೆ ಖಾಸಗಿ ಶಾಲೆಯ ಬಾಗಿಲು ತೆರೆದಾಗ ಇಷ್ಟು ಬಾಗಿಲುಗಳು ಮುಚ್ಚಿಕೊಳ್ಳಬಹುದು. ಸೇರಿಸಬೇಡಿರೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಶಾಲೆ ಸೇರಿ ಚೆನ್ನಾಗಿ ಮುಂದೆ ಬಂದ ಮಕ್ಕಳು ನಮ್ಮ ತೋಟದಲ್ಲೇ ಇದ್ದಾರೆ. ತಿಳಿದು ಸೇರಿಸಿರಿ ಎನ್ನುತ್ತೇನೆ. ಸರಕಾರಿ ಶಾಲೆಯ ಹೆಡ್ಮಾಸ್ಟರರ ಹತ್ತಿರ ಹೋಗಿ, ಈ ವರ್ಷದ ನಿಯಮವೇನೆಂದು ಕೇಳಿಕೊಂಡು ಬನ್ನಿರಿ.

ನಾಲ್ಕನೆಯದು ದುಡ್ಡಿನ ವಿಷಯ. ಪಟ್ಟಿ ಬರುವ ಮೊದಲು ಸಾಲ ಮಾಡಬೇಡಿರಿ, ನನ್ನ ಹಾಗೆ ಟ್ರಂಕು ಕೊಳ್ಳಬೇಡಿರಿ. ಒಂದು ವರ್ಷದ ಫೀಸು ಹೊಂದಿಸಬಹುದೆ ಎಂದು ಕೇಳಿಕೊಳ್ಳುವುದು ಸಾಲದು. ಹಾಸ್ಟೆಲು, ಬಟ್ಟೆ, ಪುಸ್ತಕ, ರಜೆಯ ಬಸ್ ಖರ್ಚು ಸೇರಿ ವರ್ಷಕ್ಕೆ 60,000 ಎಂದರೆ, ಆರರಿಂದ ಹನ್ನೆರಡಕ್ಕೆ ಏಳು ವರ್ಷ, 4 ಲಕ್ಷ 20 ಸಾವಿರ. ಫೀಸು ಏರದೆ ಇದ್ದರೆ ಇಷ್ಟು. ಕೂಲಿ ಸಿಗದ ತಿಂಗಳುಗಳೂ ಆ ಏಳು ವರ್ಷದಲ್ಲಿ ಬರುತ್ತವೆ. ನಾನು ಪಾಠ ಹೇಳಿದ ಒಬ್ಬ ಹುಡುಗ ಸೀಟು ಸಿಕ್ಕಿ ಹೋದವನು ಎಂಟನೇ ತರಗತಿಯ ಮಧ್ಯದಲ್ಲಿ ಫೀಸು ಕಟ್ಟಲಾಗದೆ ಹಿಂದಿರುಗಿದ. ಪಟ್ಟಿಯಲ್ಲಿ ಹೆಸರಿಲ್ಲದ ಮಗುವಿಗಿಂತ ಅವನ ನೋವೇ ಹೆಚ್ಚಾಗಿತ್ತು. ತಮಿಳುನಾಡಿನಲ್ಲಿ ಖಾಸಗಿ ಶಾಲೆಯ ಫೀಸು ನಿಗದಿ ಮಾಡಲು 2009ರ ಕಾನೂನಿನಂತೆ ನಿವೃತ್ತ ಹೈಕೋರ್ಟ್ ನ್ಯಾಯಾಧೀಶರ ಸಮಿತಿ ಏರ್ಪಟ್ಟಿತು. ನಿಗದಿಯಾದ ಫೀಸು ಎಷ್ಟೆಂದು ಕೇಳಿರಿ, ಕಟ್ಟಿದ್ದಕ್ಕೆಲ್ಲ ರಸೀದಿ ಪಡೆಯಿರಿ. ಸೀಟು ಕೊಡಿಸುತ್ತೇನೆ, ಕೈಗೆ ಇಷ್ಟು ಕೊಡಿ ಎಂದು ಮನೆ ಬಾಗಿಲಿಗೆ ಬರುವವನಿಗೆ ಒಂದು ಲೋಟ ಚಹಾ ಕೊಟ್ಟು ಕಳುಹಿಸಿರಿ, ದುಡ್ಡು ಕೊಡಬೇಡಿರಿ.

ಕಡೆಯದಾಗಿ, ಪಟ್ಟಿ ಬರುವ ದಿನದ ವಿಷಯ. ಹೆಸರು ಬಂದವರು ದಯವಿಟ್ಟು ಲೈನಿನಲ್ಲಿ ಪಟಾಕಿ ಹೊಡೆಯಬೇಡಿರಿ. ಪಕ್ಕದ ಮನೆಯ ಮಗುವೂ ಅದೇ ಪರೀಕ್ಷೆ ಬರೆದಿದೆ, ಗೋಡೆ ಒಂದೇ. ಮೊದಲು ಆ ಮನೆಗೆ ಹೋಗಿ ಕೂತು ಬನ್ನಿರಿ. ಹೆಸರು ಬಾರದವರು ಫ್ಯಾಕ್ಟರಿ ತಿರುವಿನಿಂದ ಮನೆಗೆ ಬರುವಷ್ಟರಲ್ಲಿ ಏನು ಹೇಳಬೇಕೆಂದು ಯೋಚಿಸಿಕೊಂಡೇ ಬನ್ನಿರಿ. ದೊಡ್ಡ ಮಾತು ಬೇಡ. "ಬಾ ಮಗಾ, ಊಟ ಮಾಡೋಣ" ಎಂದರೆ ಸಾಕು. ಜೊತೆಗೆ ಕೂತು ಊಟ ಮಾಡಿರಿ, ಮುಖ ನೋಡಿ ಮಾತನಾಡಿರಿ. ಖರ್ಚಿನ ಮಾತು, ಪಕ್ಕದ ಮನೆಯ ಮಗುವಿನ ಮಾತು ಆ ದಿನ ಎತ್ತಬೇಡಿರಿ. ಮರುದಿನ ಹಾಜರಿಗೆ ಹೋಗುವ ಮೊದಲು, ಜೂನಿನಲ್ಲಿ ಯಾವ ಶಾಲೆಗೆ ಹೋಗುವುದೆಂದು ಮಗುವನ್ನೂ ಸೇರಿಸಿಕೊಂಡೇ ಮಾತನಾಡಿರಿ. ದಾರಿಯ ಭಯವಿದ್ದರೆ ಅದೇ ಶಾಲೆಗೆ ಹೋಗುವ ನಾಲ್ಕು ಮನೆಯವರು ಸೇರಿ, ಸರದಿಯ ಮೇಲೆ ಒಬ್ಬರು ಜೊತೆಗೆ ನಡೆಯಿರಿ. ವಾರಕ್ಕೆ ಒಂದು ದಿನ ನಾನೂ ನಡೆಯುತ್ತೇನೆ. ಈ ಕಾಲು ಇನ್ನೂ ಅಷ್ಟು ಸೋತಿಲ್ಲ.

ಆ ಟ್ರಂಕು ಇವತ್ತಿಗೂ ನಮ್ಮ ಮನೆಯಲ್ಲಿದೆ. ಅಕ್ಕಿ ಹಾಕಿ ಇಟ್ಟಿದ್ದೇವೆ. ಅರ್ಧ ಅಳಿಸಿದ ಹೆಸರು ದಿನವೂ ಕಣ್ಣಿಗೆ ಬೀಳುತ್ತದೆ. ನಿಮ್ಮ ಮನೆಯಲ್ಲಿ ಅಂಥದ್ದೊಂದು ಬಾರದಿರಲಿ ಎಂದೇ ಇಷ್ಟು ಹೊತ್ತು ನಿಂತು ಮಾತನಾಡಿದೆ.